ಹತ್ತೇ ಪೆಟ್ಟಿಗೆಯ ಲೆಕ್ಕ

ಸಬ್‌ವೂಫರ್ ಅಂದರೆ ಒಂದು ಕಟ್ಟಿಗೆ ಪೆಟ್ಟಿಗೆ, ಅದರ ಮುಖಕ್ಕೊಂದು ದೊಡ್ಡ ಸ್ಪೀಕರ್, ಬೆನ್ನಿಗೊಂದು ಆಂಪ್ಲಿಫೈಯರ್. ಬಿಚ್ಚಿ ನೋಡಿದರೆ ಒಳಗಿರುವುದು ಬಹುಪಾಲು ಗಾಳಿ. ಇದಕ್ಕೆ ಐವತ್ತು ಸಾವಿರ ಅಂದರೆ ಹುಬ್ಬಳ್ಳಿಯಲ್ಲಿ ಯಾರೇ ಆದರೂ ಕೇಳುವುದು ಒಂದೇ: 'ಅಷ್ಟ್ಯಾಕ್ರೀ?' ಚೌಕಾಸಿಯ ಮಾತು ಅಂತ ನಗಬೇಡಿ. ಒಳ್ಳೆಯ ಪ್ರಶ್ನೆ ಅದು.

ಗೋಪನಕೊಪ್ಪದಲ್ಲಿ ಒಬ್ಬ ಹುಡುಗ ಒಂದು ಶೆಡ್ ಬಾಡಿಗೆಗೆ ಹಿಡಿದು, ಒಳ್ಳೆಯ ಸದ್ದಿನ ಹುಚ್ಚಿರುವವರಿಗಾಗಿ ಹತ್ತು ಸಬ್‌ವೂಫರ್ ಮಾಡಲು ಹೊರಟಿದ್ದಾನೆ ಅಂದುಕೊಳ್ಳಿ. ಊರಿನ ಮಟ್ಟಿಗೆ ಅವನಿಗೆ ಕೊರತೆ ಇಲ್ಲ. ಕೈಗಾರಿಕಾ ವಾಲ್ವ್‌ಗಳಿಗೆ ಹೆಸರಾದ ಊರಿದು; ಗೋಕುಲ ರಸ್ತೆಯ ಕಡೆ ಜಾಬ್ ವರ್ಕ್ ಮಾಡಿಕೊಡುವ ಕೈಗಳಿವೆ, ಕಟ್ಟಿಗೆ ಕೊಯ್ಯಲು ಬಡಿಗೇರರಿದ್ದಾರೆ. ವಿನ್ಯಾಸಕ್ಕೂ ಪ್ರಯೋಗಾಲಯ ಬೇಡ. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ, ಆಮೇಲೆ 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್, ಸ್ಪೀಕರಿನ ಗುಣಗಳನ್ನು ಕೆಲವೇ ಅಂಕಿಗಳಲ್ಲಿ ಹಿಡಿದು ಪೆಟ್ಟಿಗೆಯ ಅಳತೆ ಹೇಳುವ ದಾರಿ ಹಾಕಿಕೊಟ್ಟರು. ಆ ಅಂಕಿಗಳು ಇಂದು ಸ್ಪೀಕರಿನ ಜೊತೆಗೇ ಬರುತ್ತವೆ.

ಇನ್ನು ಖರ್ಚು. ಮುಂದಿನವು ಲೆಕ್ಕ ತಿಳಿಯಲಿಕ್ಕೆ ನಾನು ಹಿಡಿದ ಅಂಕಿಗಳು, ತೆರಿಗೆ ಬಿಟ್ಟು. ಸ್ಪೀಕರಿಗೆ 9,000, ಆಂಪ್ಲಿಫೈಯರಿಗೆ 10,000, ಕಟ್ಟಿಗೆ, ತಂತಿ, ತಿರುಪುಗಳಿಗೆ 3,500, ಕೊಯ್ತ ಮತ್ತು ಬಣ್ಣಕ್ಕೆ 4,500, ಪ್ಯಾಕಿಂಗಿಗೆ 1,500. ಒಟ್ಟು 28,500. ಇಲ್ಲಿಗೇ ನಿಲ್ಲಿಸಿದವನು ಮುಳುಗುತ್ತಾನೆ. ಮೊದಲು ಮಾಡಿ ಬಿಸಾಕಿದ ಎರಡು ಪೆಟ್ಟಿಗೆ, ಅಳತೆಯ ಮೈಕು, ಕೊಯ್ಯುವ ಅಚ್ಚು, ಮೂರು ತಿಂಗಳ ತಲೆಬಿಸಿ, ಎಲ್ಲ ಸೇರಿ ಒಂದೂವರೆ ಲಕ್ಷ ಅನ್ನಿ. ಹತ್ತು ಪೆಟ್ಟಿಗೆಗೆ ಹಂಚಿದರೆ ತಲಾ 15,000. ಐವತ್ತಕ್ಕೆ ಹಂಚಿದರೆ ಮೂರೇ ಸಾವಿರ.

ಇನ್ನೊಂದಿದೆ, ಇದನ್ನು ಹೊಸಬರು ಬರೆದುಕೊಳ್ಳುವುದೇ ಇಲ್ಲ. ಕೆಟ್ಟರೆ ಬದಲಿಸಲು ಒಂದು ಸ್ಪೀಕರ್, ಒಂದು ಆಂಪ್ಲಿಫೈಯರ್ ಕಪಾಟಿನಲ್ಲಿ ಇರಲೇಬೇಕು. ಹತ್ತಕ್ಕೆ ಒಂದು ಜೊತೆ ಎಂದರೆ 19,000, ತಲಾ 1,900. ಐವತ್ತಕ್ಕೆ ಐದು ಜೊತೆ ಬೇಕಿಲ್ಲ, ಎರಡು ಸಾಕು, ತಲಾ 760. ಹೀಗೆ ಹತ್ತರಲ್ಲಿ ಒಂದರ ಅಸಲು 45,400, ಐವತ್ತರಲ್ಲಿ ಒಂದರದು 32,260. ಅದೇ ಕಟ್ಟಿಗೆ, ಅದೇ ಸದ್ದು. ಇದರಲ್ಲಿ ಹುಡುಗನ ಕೂಲಿ, ಶೆಡ್ಡಿನ ಬಾಡಿಗೆ, ಲಾಭ ಯಾವುದೂ ಬಂದಿಲ್ಲ. ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಹಾಕಿದರೆ ಮೊದಲನೆಯದು 53,572.

ಹಾಗಾದರೆ ಕಂಪನಿ ಮಾಲಿನೆದುರು ಇವನಿಗೆ ಉಳಿಯುವುದೇನು? ಉತ್ತರ ಒಂದು ಎಂಡಿಎಫ್ ಶೀಟಿನ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದರೆ ಕಾಣುತ್ತದೆ.

8 ಬೈ 4 ಅಡಿಯ ಶೀಟ್ ಎಂದರೆ ಸುಮಾರು 244 ಬೈ 122 ಸೆಂ.ಮೀ. ಪೆಟ್ಟಿಗೆಯ ಬದಿ 40 ಸೆಂ.ಮೀ. ಇಟ್ಟರೆ ಗರಗಸ ತಿನ್ನುವ ಪುಡಿ ಕಳೆದೂ ಉದ್ದಕ್ಕೆ ಆರು, ಅಡ್ಡಕ್ಕೆ ಮೂರು ತುಂಡು ಬರುತ್ತವೆ. ಒಂದು ಪೆಟ್ಟಿಗೆಗೆ ಆರು ತುಂಡು, ಶೀಟಿಗೆ ಮೂರು ಪೆಟ್ಟಿಗೆ. ಹತ್ತಕ್ಕೆ ನಾಲ್ಕು ಶೀಟ್ ಸಾಕು. ಬದಿಯನ್ನು 46ಕ್ಕೆ ಏರಿಸಿ ನೋಡಿ, ಉದ್ದಕ್ಕೆ ಐದು, ಅಡ್ಡಕ್ಕೆ ಎರಡೇ. ಪಕ್ಕದಲ್ಲಿ ಒಂದಡಿ ಅಗಲದ ಪಟ್ಟಿ ದಂಡ. ಹತ್ತಕ್ಕೆ ಆರು ಶೀಟ್. ಬಡಿಗೇರ ಖಂಡಿತ ಹೇಳುತ್ತಾನೆ, '40 ಮಾಡ್ರೀ, ಕಟಗಿ ಉಳೀತದ.'

ಕಟಗಿ ಉಳಿಯುತ್ತದೆ, ಸದ್ದು ಹೋಗುತ್ತದೆ. 18 ಎಂ.ಎಂ. ಹಲಗೆಯ ದಪ್ಪ ಕಳೆದರೆ 46ರ ಪೆಟ್ಟಿಗೆಯೊಳಗೆ 76 ಲೀಟರ್ ಗಾಳಿ, 40ರದರೊಳಗೆ 48. ಸಣ್ಣ ಪೆಟ್ಟಿಗೆ, ಆಳದ ಸದ್ದು, ಕಡಿಮೆ ವಿದ್ಯುತ್ತಿನಲ್ಲಿ ಜೋರು: ಈ ಮೂರರಲ್ಲಿ ಎರಡನ್ನು ಮಾತ್ರ ಪಡೆಯಬಹುದು. ಸ್ಪೀಕರ್ ಮಾಡುವವರು ಇದಕ್ಕೆ ಹಾಫ್‌ಮನ್ನನ ಕಬ್ಬಿಣದ ನಿಯಮ ಎನ್ನುತ್ತಾರೆ. ಹಡಗಿನ ಕಂಟೇನರಿನಲ್ಲಿ ಮಾಲು ಕಳಿಸುವ ಕಂಪನಿಗೆ ಗಾಳಿ ಸಾಗಿಸುವುದೇ ದೊಡ್ಡ ಖರ್ಚು. ಹಾಗಾಗಿ ಅದು ಪೆಟ್ಟಿಗೆ ಕುಗ್ಗಿಸಿ, ಆಂಪ್ಲಿಫೈಯರಿನ ತಾಕತ್ತು ಏರಿಸಿ ಕೊರತೆ ತುಂಬಿಕೊಳ್ಳುತ್ತದೆ. ಆ ಆಟದಲ್ಲಿ ನಮ್ಮ ಹುಡುಗ ಗೆಲ್ಲಲಾರ. ಶೀಟಿಗೆ 2,500 ಹಿಡಿದರೂ ಎರಡು ಶೀಟ್ ಹೆಚ್ಚಿಗೆ ಎಂದರೆ ಪೆಟ್ಟಿಗೆಗೆ 500 ರೂಪಾಯಿ. ಇಷ್ಟು ಅಗ್ಗಕ್ಕೆ ಆಳದ ಸದ್ದು ಬೇರೆಲ್ಲೂ ಸಿಗದು.

ಎಷ್ಟು ಆಳ ಬೇಕು ಎನ್ನುವುದೂ ದುಡ್ಡಿನ ಮಾತೇ. ಸದ್ದು ಅಷ್ಟೇ ಜೋರಾಗಿದ್ದು 40 ಹರ್ಟ್ಸ್‌ನಿಂದ 20ಕ್ಕೆ ಇಳಿಯಬೇಕಾದರೆ ಸ್ಪೀಕರಿನ ಕಾಗದ ನಾಲ್ಕು ಪಟ್ಟು ಹಿಂದೆಮುಂದೆ ಓಡಬೇಕು. ಅಂಥ ಸ್ಪೀಕರಿನ ಬೆಲೆಯೂ ಹಾಗೆಯೇ ಓಡುತ್ತದೆ. ಇದು ಗಂಗೂಬಾಯಿ ಹಾನಗಲ್ಲರ ಊರು, ಆದ್ದರಿಂದ ಕೇಳುತ್ತೇನೆ: ನೀವು ಕೇಳುವುದೇನು? ಗಂಡುದನಿಗಾಗಿ ಕಾಳಿ ಏಕಕ್ಕೆ ಶ್ರುತಿ ಮಾಡಿದ ತಂಬೂರಿಯ ಖರ್ಜದ ತಂತಿ ನುಡಿಯುವುದೇ ಸುಮಾರು 69 ಹರ್ಟ್ಸ್‌ನಲ್ಲಿ. ಬೈಠಕ್ ಕೇಳುವವರಿಗೆ 40ರ ಕೆಳಗೆ ಏನೂ ಇಲ್ಲ. ಕೊನೆಯ ಆ 20 ಹರ್ಟ್ಸ್‌ಗೆ ನಾವು ದುಡ್ಡು ಸುರಿಯುವುದು ಸಿನಿಮಾದ ಬಾಂಬಿಗೆ. ತಪ್ಪೇನಲ್ಲ, ಗೊತ್ತಿದ್ದು ಸುರಿಯಬೇಕು ಅಷ್ಟೆ.

ದೊಡ್ಡ ಪೆಟ್ಟಿಗೆಗೆ ಒಂದು ಶಾಪವಿದೆ: ಅದು ದೂರ ಹೋಗದು. ಕೊರಿಯರ್‌ನವರು ಸಾಮಾನ್ಯವಾಗಿ ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 5,000ದಿಂದ ಭಾಗಿಸುತ್ತಾರೆ. ಬಂದ ಅಂಕಿಯೇ ಕಿಲೋ. ಸುತ್ತ 6 ಸೆಂ.ಮೀ. ಥರ್ಮಾಕೋಲ್ ಹಾಕಿದ 46ರ ಪೆಟ್ಟಿಗೆ 39 ಕಿಲೋ ಎನಿಸಿಕೊಳ್ಳುತ್ತದೆ. ಅದೇ ಟಾಟಾ ಏಸ್‌ನವನು ಗಾಳಿ ತೂಗುವುದಿಲ್ಲ. ಧಾರವಾಡ, ಗದಗ, ಬೆಳಗಾವಿ ಅವನ ಒಂದು ದಿನದ ಓಡಾಟ. ತೆರಿಗೆಯೂ ಇದೇ ಕಡೆ ನೂಕುತ್ತದೆ. ರಾಜ್ಯದೊಳಗೇ ಮಾರಿದರೆ ವರ್ಷದ ವಹಿವಾಟು 40 ಲಕ್ಷ ದಾಟುವತನಕ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಆದರೆ ಭಾಗಗಳ ಮೇಲೆ ಕೊಟ್ಟ ತೆರಿಗೆ ವಾಪಸ್ ಬರುವುದಿಲ್ಲ. ಕೊಲ್ಲಾಪುರಕ್ಕೋ ಗೋವೆಗೋ ಒಂದೇ ಪೆಟ್ಟಿಗೆ ಮಾರಿದರೂ ನೋಂದಣಿ ಬೇಕು.

ಗಣೇಶ ಹಬ್ಬದ ಡಿಜೆ ಪೆಟ್ಟಿಗೆಯನ್ನು ಇದರ ಜೊತೆ ತೂಗಬೇಡಿ. ಅದನ್ನು ಕೊಂಡವನು ಬಾಡಿಗೆಗೆ ಬಿಟ್ಟು ದುಡಿಸುತ್ತಾನೆ. ಮನೆಗೆ ಕೊಂಡವನು ಹತ್ತು ವರ್ಷ ಅಂಗಡಿ ಕಡೆ ತಿರುಗಿ ನೋಡುವುದಿಲ್ಲ. ಇನ್ನು ಗುಣಮಟ್ಟವೊಂದೇ ಕೈ ಹಿಡಿಯುತ್ತದೆ ಎನ್ನುವವರು ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವನ್ನು ನೆನೆಯಲಿ. ಕಟ್ಟುನಿಟ್ಟಿನ ಅಳತೆಯಲ್ಲಿ ರಾಷ್ಟ್ರಧ್ವಜ ಮಾಡುವ ಸಂಸ್ಥೆ ಅದು. 2021ರ ಡಿಸೆಂಬರಿನಲ್ಲಿ ಸರ್ಕಾರ ಧ್ವಜಸಂಹಿತೆ ತಿದ್ದಿ ಯಂತ್ರದ ಪಾಲಿಯೆಸ್ಟರಿಗೂ ಒಪ್ಪಿಗೆ ಕೊಟ್ಟಮೇಲೆ ಸಂಘ ಬೀದಿಗಿಳಿದು ವಿರೋಧಿಸಬೇಕಾಯಿತು.

ಆದ್ದರಿಂದ ಹುಡುಗ ಮೊದಲು ಪೆಟ್ಟಿಗೆ ಮಾಡಿ ಆಮೇಲೆ ಗಿರಾಕಿ ಹುಡುಕಬಾರದು. ಅರ್ಧ ಮುಂಗಡ ಕೊಡುವ ಹತ್ತು ಮಂದಿ ಸಿಕ್ಕಮೇಲೆಯೇ ಶೀಟ್ ತರಲಿ. ಆ ಹತ್ತರಲ್ಲಿ ನೀವೊಬ್ಬರಾದರೆ ದರ ಇಳಿಸಲು ಜಗ್ಗಬೇಡಿ. ದುಡ್ಡು ಎಣಿಸುವ ಮುನ್ನ ಶೆಡ್ಡಿಗೆ ಹೋಗಿ, ಹನ್ನೊಂದನೆಯ ಆಂಪ್ಲಿಫೈಯರ್ ಎಲ್ಲಿಟ್ಟೀರಿ ಅಂತ ಕೇಳಿ. ಕಪಾಟು ತೆಗೆದು ತೋರಿಸಿದರೆ ಮುಂಗಡ ಕೊಡಿ.