ಸೌಂಡೋ ಸೌಂಡು! ಕೂಗು ಎಲ್ಲಿ ಹೋಯ್ತು?

ನಮ್ಮ ಶಾಮನೂರಿನ ಕಡೆ ಈಗ ಎಲ್ಲಕ್ಕೂ ಒಂದೇ ಮಾತು: ಸೌಂಡ್. ಮೆರವಣಿಗೆಯ ಲಾರಿ ಮೇಲೆ ಆಳೆತ್ತರದ ಪೆಟ್ಟಿಗೆ ಪೇರಿಸಿ, ಮನೆಯ ಕಿಟಕಿ ಗಾಜು ಗಡಗಡ ನಡುಗುವಂತೆ ಬಡಿದರೆ ಅದು ಸೌಂಡ್. ನಲ್ಲಿಯಲ್ಲಿ ನೀರು ಬರಲಿಲ್ಲವೆಂದು ಹೆಂಗಸರು ಖಾಲಿ ಕೊಡ ಹಿಡಿದು ರಸ್ತೆಗೆ ಕೂತರೂ 'ವಾರ್ಡಿನಾಗೆ ಭಾಳ ಸೌಂಡ್ ಆಗೇತಿ' ಎನ್ನುತ್ತಾರೆ. ಇನ್ನು 'ಸೌಂಡ್ ಪಾರ್ಟಿ' ಎಂಬುದೊಂದಿದೆಯಲ್ಲ, ಅದು ತುಟಿ ಪಿಟ್ಟೆನ್ನದೆ ಗಲ್ಲಾ ಮೇಲೆ ಕೂತ ದುಡ್ಡಿನ ಕುಳ! ಇಂಗ್ಲಿಷಿನವರು ಗಟ್ಟಿಮುಟ್ಟು ಎಂಬ ಅರ್ಥಕ್ಕೂ ಅದೇ ಪದ ಇಟ್ಟುಕೊಂಡಿದ್ದಾರೆ. ನಾವು ಎರಡನ್ನೂ ಒಂದೇ ಚೀಲಕ್ಕೆ ತುಂಬಿಕೊಂಡೆವು.

ಇಂಗ್ಲಿಷ್ ಪದ ಬಂತು, ಕನ್ನಡ ಕೆಟ್ಟಿತು ಎಂದು ಅಳುವವರ ಗುಂಪಿಗೆ ನಾವು ಸೇರಿದವರಲ್ಲ. ಈ ಊರು ಬೆಳೆದದ್ದೇ 'ಮಿಲ್ಲು' ಎಂಬ ಪದದ ಮೇಲೆ. ಬಸ್ಸು, ಲಾರಿ, ಕೋರ್ಟು ಯಾರಿಗೂ ತೊಂದರೆ ಕೊಟ್ಟಿಲ್ಲ. ಆದರೆ ಸ್ವಾಮಿ, ಈ ಸೌಂಡ್ ಎಂಬುದು ಒಳಗೆ ಬಂದು ಐದಾರು ಪದಗಳನ್ನು ಜಗುಲಿಯಿಂದ ಎಬ್ಬಿಸಿ ಹೊರಗೆ ಕಳಿಸಿದೆ. ಹತ್ತು ಜನ ಒಟ್ಟಿಗೆ ಮಾತಾಡಿದರೆ ಗದ್ದಲ. ಯಾರೋ ಕಡ್ಡಿ ಗೀರಿ, ಇದ್ದದ್ದು ಇಲ್ಲದ್ದು ಸೇರಿಸಿ ಹಬ್ಬಿಸಿದರೆ ಗುಲ್ಲು. ಅನ್ಯಾಯ ಆಯಿತೆಂದು ಊರಿಗೆ ಊರೇ ಬಾಯಿ ಮಾಡಿದರೆ ಹುಯಿಲು. ಆ ಬಾಯಿಯ ಹಿಂದೆ ಇಂಥಾದ್ದೇ ಬೇಕು ಎಂಬ ಬೇಡಿಕೆ ಇದ್ದರೆ ಕೂಗು. ಯಾರು, ಯಾಕೆ, ಎಷ್ಟು ನಿಜ ಎಂಬುದೆಲ್ಲ ಆ ಪದದೊಳಗೇ ಇರುತ್ತಿತ್ತು. ಸೌಂಡ್ ಎಂದರೆ ಎಷ್ಟು ಜೋರು ಎಂಬುದಷ್ಟೇ ಉಳಿಯಿತು.

ದಾವಣಗೆರೆ ಬೇರೆ ಜಿಲ್ಲೆ ಆಗಬೇಕೆಂಬುದು ಹಳೇ ಕೂಗು. 1997ರ ಆಗಸ್ಟ್ 15ರಂದು, ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ, ಚಿತ್ರದುರ್ಗದಿಂದ ಬಿಡಿಸಿ ಜಿಲ್ಲೆ ಮಾಡಿದರು. ಅದನ್ನು ಯಾರಾದರೂ 'ಜಿಲ್ಲೆಯ ಸೌಂಡ್' ಎಂದಿದ್ದರೆ ಆ ಫೈಲು ವಿಧಾನಸೌಧದ ಮೆಟ್ಟಿಲು ಹತ್ತುತ್ತಿತ್ತೇ?

ಹರಿಹರದ ಹೊಳೆ ದಂಡೆಗೆ ಹೋಗಿ ನೋಡಿ. ಆಚೆ ದಡದ ಕುಮಾರಪಟ್ಟಣದ ಪಾಲಿಫೈಬರ್ ಕಾರ್ಖಾನೆಯ ನೀರಿನಿಂದ ತುಂಗಭದ್ರೆ ಕೆಟ್ಟಿತು, ಮೀನು ಸತ್ತವು ಎಂದು 1980ರ ದಶಕದಲ್ಲಿ ಕೆಳಗಿನ ಹಳ್ಳಿಗಳವರು ಹುಯಿಲಿಟ್ಟರು. ಆ ಕಾರ್ಖಾನೆಗೆ ಬೇಕಾದ ಮರಕ್ಕಾಗಿ ಸರ್ಕಾರ ಕಂಪನಿಯ ಜೊತೆ ಕೂಡಿ ಕರ್ನಾಟಕ ಪಲ್ಪ್‌ವುಡ್ಸ್ ಮಾಡಿ, ಹಳ್ಳಿಗಳ ಹುಲ್ಲುಗಾವಲಿಗೆ ನೀಲಗಿರಿ ಹಾಕಲು ಹೊರಟಿತು. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯದ ಜೊತೆ ರೈತರು 1987ರ ನವೆಂಬರ್ 14ರಂದು ಹಾನಗಲ್ ತಾಲೂಕಿನ ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಗಿಡ ನೆಟ್ಟರು. 'ಕಿತ್ತಿಕೋ-ಹಚ್ಚಿಕೋ' ಎಂದು ಅದಕ್ಕೆ ಹೆಸರು. ನಾಲ್ಕು ವರ್ಷ ಕಳೆಯುವುದರೊಳಗೆ ಪಲ್ಪ್‌ವುಡ್ಸ್ ಬಾಗಿಲು ಹಾಕುವ ದಾರಿ ಹಿಡಿಯಿತು. ಅಲ್ಲಿ ಪೆಟ್ಟಿಗೆಯೂ ಇರಲಿಲ್ಲ, ಡಿಜೆಯೂ ಇರಲಿಲ್ಲ. ಮೀಟರು ಹಿಡಿದು ಅಳೆದಿದ್ದರೆ ಒಂದು ಮದುವೆ ದಿಬ್ಬಣದ ಸದ್ದಿಗೂ ಸಮ ಬರುತ್ತಿರಲಿಲ್ಲವೇನೋ!

ಈಗ 2025ಕ್ಕೆ ಬನ್ನಿ. ಗಣೇಶನ ಹಬ್ಬಕ್ಕೆ ನಮ್ಮ ಜಿಲ್ಲಾಡಳಿತ ಡಿಜೆ ನಿಷೇಧಿಸಿತು. ಶುರುವಾಯಿತು ನೋಡಿ! ಬೇಕು ಎನ್ನುವವರು, ಬೇಡ ಎನ್ನುವವರು, ನಡುವೆ ರಾಜಕಾರಣಿಗಳು. ಡಿಜೆ ಸೌಂಡ್ ಬಂದ್ ಮಾಡಿದ್ದೇ ದೊಡ್ಡ ಸೌಂಡ್ ಮಾಡಿತು. ಅಂದಹಾಗೆ ಡಿಜೆ ಎಂದರೆ ಮೂಲದಲ್ಲಿ ಹಾಡಿನ ತಟ್ಟೆ ಹಾಕುವ ಮನುಷ್ಯ. ನಮ್ಮಲ್ಲಿ ಮನುಷ್ಯ ಹೋಗಿ ಪೆಟ್ಟಿಗೆಗೇ ಆ ಹೆಸರು ನಿಂತಿತು.

ಹಬ್ಬದ ಹುಡುಗರನ್ನೇ ಬೈದು ಕೂರುವುದು ನಮ್ಮ ಇರಾದೆಯಲ್ಲ. ಅವರಿಗೆ ವರ್ಷಕ್ಕೊಮ್ಮೆ ಕುಣಿಯುವ ಆಸೆ, ಪೆಟ್ಟಿಗೆ ಬಾಡಿಗೆ ಕೊಡುವವನಿಗೆ ಅದೇ ಸೀಜನ್ನು. ಅವರ ಮಾತಿನಲ್ಲೂ ಒಂದು ಕೂಗು ಇದ್ದೀತು. ಆದರೆ ಆ ಬೀದಿಯಲ್ಲೇ ಹಾರ್ಟಿನ ಆಪರೇಷನ್ ಆದ ಅಜ್ಜ, ಎಳೆ ಕೂಸಿನ ಬಾಣಂತಿ, ಬೆಳಿಗ್ಗೆ ಪರೀಕ್ಷೆ ಬರೆಯೋ ಹುಡುಗಿ ಇರುತ್ತಾರಲ್ಲ, ಅವರ ಕೂಗನ್ನು ಪೇಪರಿನಲ್ಲಿ ಯಾರು ಬರೆದರು? ಹಬ್ಬದ ಪರ-ವಿರೋಧದ ಸೌಂಡಿನಲ್ಲಿ ಅವರದು ಮುಳುಗಿಹೋಯಿತು. ನಮ್ಮ ಪತ್ರಿಕೆಯವರೂ ಕಡಿಮೆ ಇಲ್ಲ. ಸಿನಿಮಾದ ಟ್ರೈಲರ್ ಬಂದರೂ 'ಸೌಂಡ್ ಮಾಡಿತು', ಸಾಲಗಾರ ರೈತ ಕಚೇರಿ ಮುಂದೆ ವಿಷದ ಬಾಟಲಿ ಹಿಡಿದರೂ 'ಸೌಂಡ್ ಮಾಡಿದ ಪ್ರಕರಣ'. ಎರಡೂ ಒಂದೇ ತೂಕವೇ?

ಇದರಿಂದ ಲಾಭ ಯಾರಿಗೆ ಎಂದು ಕೇಳಿದರೆ ಉತ್ತರ ಕಚೇರಿಯ ಮೇಜಿನ ಆಚೆ ಕೂತಿದೆ. ಅರ್ಜಿ ಹಿಡಿದು ಹೋದವನಿಗೆ 'ಯಾಕ್ರೀ ಸುಮ್ನೆ ಸೌಂಡ್ ಮಾಡ್ತೀರಿ' ಎಂದುಬಿಟ್ಟರೆ ಮುಗಿಯಿತು. 'ಯಾಕ್ರೀ ಕೂಗ್ತೀರಿ' ಎಂದಿದ್ದರೆ ಇವನು 'ಇದಕ್ಕೇ ಕೂಗ್ತೀನಿ' ಅಂತ ಕಾಗದ ಮುಂದೆ ಚಾಚುತ್ತಿದ್ದ. ಸೌಂಡಿಗೆ ಕಾರಣ ಕೇಳುವವರಿಲ್ಲ. ಅದಕ್ಕಿರುವುದು ಒಂದು ಗುಂಡಿ ಮಾತ್ರ, ಕಡಿಮೆ ಮಾಡು, ಅಷ್ಟೇ.

ತಮಾಷೆ ಎಂದರೆ ನಿಜವಾದ ಸೌಂಡಿಗೆ ಆ ಗುಂಡಿ ತಿರುಗಿಸಲು ಕಾನೂನು ಚೆನ್ನಾಗಿಯೇ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ವಾಸದ ಬಡಾವಣೆಯಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಆಗಬೇಕು, ಅಲ್ಲಿ 50 ಮತ್ತು 40. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಮೈಕು ಬಂದ್. ವರ್ಷಕ್ಕೆ ಹೆಚ್ಚೆಂದರೆ 15 ದಿನ ಹಬ್ಬ-ಉತ್ಸವಕ್ಕೆ ನಡುರಾತ್ರಿ 12ರವರೆಗೆ ಸರ್ಕಾರ ಸಡಿಲ ಕೊಡಬಹುದು. 2005ರ ಜುಲೈನಲ್ಲಿ ಸುಪ್ರೀಂ ಕೋರ್ಟು ಕೂಡ, ಒಬ್ಬನಿಗೆ ಮಾತಾಡುವ ಹಕ್ಕಿದ್ದರೆ ಇನ್ನೊಬ್ಬನಿಗೆ ಕೇಳದೆ ಇರುವ ಹಕ್ಕೂ ಇದೆ ಎಂಬ ಅರ್ಥದಲ್ಲೇ ತೀರ್ಪು ಕೊಟ್ಟಿತು. ಡೆಸಿಬೆಲ್ ಲೆಕ್ಕ ಕಿರಾಣಿ ಅಂಗಡಿಯ ಲೆಕ್ಕದಂತಲ್ಲ. 10 ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು. 55ರ ಜಾಗದಲ್ಲಿ 95 ಬಂದರೆ ಹತ್ತು ಸಾವಿರ ಪಟ್ಟು!

ನಿಯಮಕ್ಕಿಂತ 10 ಡೆಸಿಬೆಲ್ ಅಥವಾ ಅದಕ್ಕೂ ಮೇಲೆ ಹೋದರೆ, ಇಲ್ಲವೇ ರಾತ್ರಿಯ ನಿಷೇಧ ಮುರಿದರೆ, ಯಾರು ಬೇಕಾದರೂ ದೂರು ಕೊಡಬಹುದು. ಜಿಲ್ಲಾಧಿಕಾರಿಗಾಗಲಿ, ಡಿವೈಎಸ್ಪಿಗೆ ಕಡಿಮೆ ಇಲ್ಲದ ಅಧಿಕೃತ ಅಧಿಕಾರಿಗಾಗಲಿ ಕೊಡಬೇಕು. ಆ ಗಳಿಗೆಯಲ್ಲೇ ಆಗಬೇಕಾದರೆ 112ಕ್ಕೆ ಫೋನ್ ಮಾಡಿ. ಬರೆಯುವವರು ಮಾತ್ರ 'ಸೌಂಡ್ ಜಾಸ್ತಿ ಇದೆ' ಎಂದು ಒಂದು ಸಾಲು ಗೀಚಿ ಬರಬೇಡಿ. ಯಾವ ಬೀದಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆ, ಮನೆಯಲ್ಲಿ ಯಾರಿಗೆ ಏನಾಯಿತು ಎಂಬುದನ್ನು ಬರೆಯಿರಿ. ಸ್ವೀಕೃತಿ ಎಂದು ಸೀಲು ಹಾಕಿಸಿಕೊಂಡ ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.