ಕೆಲಸಕ್ಕೂ ಮೊದಲು ಒಂದು ಮಂಚ ಬೇಕು

ಹಾಸ್ಟೆಲ್‌ನ ನಮ್ಮ ಕೋಣೆಯಲ್ಲಿ ಮೂವರಿದ್ದೇವೆ. ಒಬ್ಬಳದು ಕಡೂರು, ಇನ್ನೊಬ್ಬಳದು ತರೀಕೆರೆ, ನನ್ನದು ಅಜ್ಜಂಪುರ. ಮೂವರೂ ಬಿ.ಇ. ಮೂರನೇ ವರ್ಷ. ಈಗ ರಾತ್ರಿ ಊಟವಾದ ಮೇಲೆ ನಮ್ಮ ಮಾತು ಒಂದೇ: ಕೊನೆಯ ವರ್ಷದ ಇಂಟರ್ನ್‌ಶಿಪ್‌ಗೆ ಎಲ್ಲಿ ಹೋಗುವುದು?

ವಿಟಿಯು 2022ರ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್‌ಗೆ 14ರಿಂದ 20 ವಾರ ಇಟ್ಟಿದ್ದಾರೆ. ಅದಿಲ್ಲದೆ ಪದವಿ ಇಲ್ಲ. ಕಂಪನಿಗಳು ಹೆಚ್ಚಾಗಿ ಇರುವುದು ಬೆಂಗಳೂರಿನಲ್ಲಿ. ನಾನು ವಿಚಾರಿಸಿದ ಪಿ.ಜಿ.ಯಲ್ಲಿ ಮೂವರಿರುವ ಕೋಣೆಗೆ ತಲೆಗೆ ಎಂಟು ಸಾವಿರ, ಮುಂಗಡ ಬೇರೆ. ಸ್ಟೈಪೆಂಡ್ ಇದೆಯಾ ಎಂದು ಕೇಳಿದರೆ ಕಂಪನಿಯವರು, 'ಅನುಭವ ಸಿಗುತ್ತಲ್ಲ' ಎಂದರು. ಅಪ್ಪನಿಗೆ ಲೆಕ್ಕ ಹೇಳಿದೆ. 'ಈರುಳ್ಳಿ ಮಾರಲಿ, ನೋಡೋಣ' ಎಂದರು. ಈರುಳ್ಳಿ ಬೆಳೆಯುವವರ ಮನೆಯಲ್ಲಿ ಆ 'ನೋಡೋಣ'ದ ಅರ್ಥ ಎಲ್ಲರಿಗೂ ಗೊತ್ತು.

ಸರ್ಕಾರಗಳು ಏನೂ ಮಾಡಿಲ್ಲ ಎನ್ನಲಾರೆ. 'ಶಕ್ತಿ'ಯಿಂದ ಬೆಂಗಳೂರಿಗೆ ಬಸ್ ಖರ್ಚಿಲ್ಲ. ಆದರೆ ಇಳಿದ ಮೇಲೆ ಎಲ್ಲಿ ಮಲಗಬೇಕು? 'ಯುವನಿಧಿ' ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುತ್ತದೆ, ಅದೂ ಪಾಸಾಗಿ 180 ದಿನ ಕೆಲಸ ಸಿಗದಿದ್ದರೆ. ಕೇಂದ್ರ 2024ರಲ್ಲಿ ಆರಂಭಿಸಿದ ಇಂಟರ್ನ್‌ಶಿಪ್ ಯೋಜನೆ 5,000 ರೂಪಾಯಿ ಎಂದಿತು, ಪೂರ್ಣಾವಧಿ ವಿದ್ಯಾರ್ಥಿಗಳನ್ನು ಮಾತ್ರ ಹೊರಗಿಟ್ಟಿತು. ನಾವು ಎಡವುವುದು ಓದುವಾಗ, ಕೈ ಹಿಡಿಯಲು ಬರುವುದು ಓದು ಮುಗಿದ ಮೇಲೆ!

2024ರ ಜುಲೈನಲ್ಲಿ ರಾಜ್ಯ ಸಂಪುಟ ಖಾಸಗಿ ಕಂಪನಿಗಳ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ ಎಂಬ ಮಸೂದೆಗೆ ಒಪ್ಪಿಗೆ ಕೊಟ್ಟು, ವಿರೋಧ ಬಂದ ಕೂಡಲೇ ತಡೆಹಿಡಿಯಿತು. ಅದು ಜಾರಿಯಾದರೂ ಸಂದರ್ಶನದಲ್ಲಿ 'ಏನು ಕೆಲಸ ಕಲಿತಿದ್ದೀರಿ?' ಎಂದು ಕೇಳಿಯೇ ಕೇಳುತ್ತಾರೆ. ಪಿ.ಜಿ. ಬಾಡಿಗೆ ಕಟ್ಟಲಾಗದೆ ನಮ್ಮ ಸೀನಿಯರ್ ಅಕ್ಕ ಒಬ್ಬರು ದುಡ್ಡು ಕೊಟ್ಟು ಆನ್‌ಲೈನ್ ಸರ್ಟಿಫಿಕೇಟ್ ತಂದರು. ಸಂದರ್ಶನದಲ್ಲಿ ಆ ಪ್ರಶ್ನೆ ಬಂದಾಗ ಅವರ ಬಳಿ ಉತ್ತರವಿರಲಿಲ್ಲ.

ನಮ್ಮ ಬೇಡಿಕೆ ದೊಡ್ಡದಲ್ಲ. ಇಂಟರ್ನ್‌ಶಿಪ್‌ಗೆ ಹೋದವರ ಮಂಚ ಇಲ್ಲಿನ ಸರ್ಕಾರಿ ಹಾಸ್ಟೆಲ್‌ನಲ್ಲಿ ಅಷ್ಟು ತಿಂಗಳು ಖಾಲಿ ಇರುತ್ತದೆ. ಅದರ ಬದಲು ಬೆಂಗಳೂರಿನ ಹಾಸ್ಟೆಲ್‌ನಲ್ಲಿ ಒಂದು ಮಂಚ, ಎರಡು ಹೊತ್ತು ಊಟ ಕೊಡಲಿ. ಪಿ.ಜಿ. ಹುಡುಕುವ ಬಡ ಹುಡುಗರಿಗೂ ಇದು ಸಿಗಲಿ.

ಇನ್ನೊಂದು, ಎಲ್ಲರೂ ಬೆಂಗಳೂರಿಗೇ ಏಕೆ ಹೋಗಬೇಕು? ನಾನು ಎಲೆಕ್ಟ್ರಿಕಲ್ ಓದುತ್ತಿದ್ದೇನೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ನೀರನ್ನು ಪಂಪ್ ಮಾಡಿ ಮೇಲೆತ್ತಿ ಅಜ್ಜಂಪುರದ ಬಳಿಯ ಸುಮಾರು 7 ಕಿ.ಮೀ. ಸುರಂಗದಿಂದ ಚಿತ್ರದುರ್ಗದ ಕಡೆಗೆ ಹರಿಸುತ್ತಾರೆ. ಅಷ್ಟು ದೊಡ್ಡ ಮೋಟಾರುಗಳನ್ನು ಬೆಂಗಳೂರಿನ ಯಾವ ಆಫೀಸಿನಲ್ಲಿ ನೋಡಲಿ? ನೀರಾವರಿ ನಿಗಮ, ಮೆಸ್ಕಾಂ, ರೈಲ್ವೆ ಪ್ರತಿ ವರ್ಷ ಆಯಾ ತಾಲ್ಲೂಕಿನ ಕೆಲವು ವಿದ್ಯಾರ್ಥಿಗಳನ್ನು ತೆಗೆದುಕೊಳ್ಳಲಿ. ಆಗ ಮನೆಯಲ್ಲೇ ಉಂಡು ಕೆಲಸ ಕಲಿಯಬಹುದು.

ಸ್ಥಳೀಯರಿಗೆ ಕೆಲಸ ಎನ್ನುವವರು ಮೊದಲು ಸ್ಥಳೀಯರು ಕೆಲಸ ಕಲಿಯಲು ದಾರಿ ಮಾಡಲಿ. ಮುಂದಿನ ವರ್ಷ ನಾವು ಮೂವರೂ ಹೊರಡಬೇಕು. ಈರುಳ್ಳಿ ಬೆಲೆ ನೋಡಿಕೊಂಡು ಅಲ್ಲ.