ಠಾಣೆಯ ಮುಂದಿನ ಆಟ

1965ರಲ್ಲಿ ಫ್ರಾನ್ಸಿನ ಲೂಯಿ ಮಾಲ್ ನಿರ್ದೇಶಿಸಿದ ‘ವಿವಾ ಮರಿಯಾ’ ಎಂಬ ಹಾಸ್ಯಸಾಹಸದ ಚಲಚ್ಚಿತ್ರದಲ್ಲಿ, ಊರೂರು ತಿರುಗುವ ಆಟದ ಮೇಳವೊಂದರ ಇಬ್ಬರು ನಟಿಯರು, ಇಬ್ಬರಿಗೂ ಮರಿಯಾ ಎಂದೇ ಹೆಸರು, 1907ರ ಮಧ್ಯ ಅಮೆರಿಕೆಯ ಕಲ್ಪಿತ ನಾಡೊಂದರಲ್ಲಿ ರಂಗದಿಂದ ನೇರವಾಗಿ ರಣಕ್ಕಿಳಿದು ದೀನರ ದಂಗೆಗೆ ನಾಯಕಿಯರಾಗುವರು. ಜೀನ್ ಮೊರೋ ಅಭಿನಯಿಸಿದ ಮರಿಯಾ, ಮಡಿದ ಪ್ರಿಯತಮನ ಕಾರ್ಯವನ್ನು ತನ್ನದಾಗಿಸಿಕೊಂಡು, ಶೇಕ್ಸ್‌ಪಿಯರನ ನಾಟಕದ ಭಾಷಣದಿಂದಲೇ ಜನರನ್ನು ಎಬ್ಬಿಸುವಳು. ಬ್ರಿಜಿತ್ ಬಾರ್ದೋವಿನ ಮರಿಯಾ ಬಂದೂಕು ಬಾಂಬುಗಳಲ್ಲಿ ಪಳಗಿದವಳು. ಅಭಿನಯವೂ ಒಂದು ಆಯುಧವೆಂಬುದೇ ಆ ಚಿತ್ರದ ಸಾರ.

ನಕ್ಕು ಮರೆತುಬಿಡಬಹುದಾದ ಈ ಕಲ್ಪನೆ ನಮ್ಮ ಸಾಂಗಲಿ ಜಿಲ್ಲೆಯಲ್ಲಿಯೇ ಸತ್ಯವಾಗಿ ಘಟಿಸಿದುದನ್ನು ಜತ್ತ ತಾಲೂಕಿನ ಕನ್ನಡಿಗರಾದ ನಾವು ನಮ್ಮ ಮಕ್ಕಳಿಗೆ ಹೇಳಬೇಕಾಗಿದೆ. 1943ರಿಂದ 1946ರವರೆಗೆ, ಆಗ ಸಾತಾರಾ ಜಿಲ್ಲೆಗೆ ಸೇರಿದ್ದ ಇಲ್ಲಿನ ಹಲವು ಹಳ್ಳಿಗಳಲ್ಲಿ ಕ್ರಾಂತಿಸಿಂಹ ನಾನಾ ಪಾಟೀಲರ ಪ್ರತಿಸರ್ಕಾರ ಆಂಗ್ಲರ ಆಡಳಿತವನ್ನು ಧಿಕ್ಕರಿಸಿ ತನ್ನದೇ ನ್ಯಾಯವನ್ನು ನಡೆಸುತ್ತಿತ್ತು. ಅವರ ಮಗಳು ಹೌಸಾತಾಯಿ ಪಾಟೀಲರು, 1926ರಲ್ಲಿ ಜನಿಸಿದವರು, ಪ್ರತಿಸರ್ಕಾರದ ಸಶಸ್ತ್ರ ದಳವಾದ ತೂಫಾನ್ ಸೇನೆಯ ಸಂಗಾತಿಗಳೊಡನೆ ದುಡಿದರು. ಭವಾನಿನಗರದ ಪೊಲೀಸ್ ಠಾಣೆಯ ಎದುರಿಗೆ ಅವರು ಗಂಡನಿಂದ ಹೊಡೆತ ತಿನ್ನುವ ಹೆಂಡತಿಯ ಪಾತ್ರವನ್ನು ವಹಿಸಿದರು; ಜಗಳ ಬಿಡಿಸಲೆಂದು ಪೊಲೀಸರು ಹೊರಬಂದ ಸಮಯದಲ್ಲಿ ಸಂಗಾತಿಗಳು ಒಳಹೊಕ್ಕು ಶಸ್ತ್ರಗಳನ್ನು ಎತ್ತಿಕೊಂಡು ಹೋದರು. ಪಾತ್ರ ಕಲ್ಪಿತವಾದರೂ ಮೈಮೇಲೆ ಬಿದ್ದ ಪೆಟ್ಟುಗಳು ಕಲ್ಪಿತವಾಗಿರಲಿಲ್ಲ. ಮುಂದೆ, ಪೋರ್ಚುಗೀಸರ ಸೆರೆಯಲ್ಲಿದ್ದ ಸಂಗಾತಿಯೊಬ್ಬನ ಬಿಡುಗಡೆಗಾಗಿ ಗೋವೆಗೆ ಹೋದಾಗ, ರಾತ್ರಿಯ ಕತ್ತಲಲ್ಲಿ ಮರದ ಪೆಟ್ಟಿಗೆಯ ಮೇಲೆ ಮಾಂಡೋವಿ ನದಿಯನ್ನು ದಾಟಿದವರೂ ಅವರೇ.

ಆದರೆ ಠಾಣೆಯ ಮುಂದಿನ ಆ ಆಟ ಏಕೆ ಫಲಿಸಿತು ಎಂಬುದನ್ನು ಯೋಚಿಸಿದಾಗ ಮನಸ್ಸು ಭಾರವಾಗುವುದು. ಬೀದಿಯಲ್ಲಿ ಹೆಂಡತಿಯನ್ನು ಬಡಿಯುವ ಗಂಡನ ದೃಶ್ಯ ಅಂದಿನ ನೋಡುಗರಿಗೆ ಅಷ್ಟು ಪರಿಚಿತವಾಗಿದ್ದುದರಿಂದಲೇ ಅದನ್ನು ನಾಟಕವೆಂದು ಯಾರೂ ಶಂಕಿಸಲಿಲ್ಲ. ಪರರಾಜ್ಯವನ್ನು ಸೋಲಿಸಲು ಆ ತರುಣಿಗೆ ನೆರವಾದುದು ನಮ್ಮ ಮನೆಗಳೊಳಗಿನ ದಾಸ್ಯದ ವೇಷವೇ. ರಾಜ್ಯದ ದಾಸ್ಯ 1947ರಲ್ಲಿ ತೊಲಗಿತು. ಮನೆಯ ದಾಸ್ಯ ಇಂದಿಗೂ ಸಂಪೂರ್ಣವಾಗಿ ತೊಲಗಿದೆಯೆಂದು ಯಾವ ಹಳ್ಳಿಯವನು ಎದೆಮುಟ್ಟಿ ಹೇಳಬಲ್ಲನು?

ಆದುದರಿಂದ, ನಮ್ಮ ತಾಲೂಕಿನ ಕನ್ನಡ ಶಾಲೆಗಳಲ್ಲಿ ಈ ಪ್ರಸಂಗವನ್ನು ಕನ್ನಡದ ಪುಟ್ಟ ನಾಟಕವನ್ನಾಗಿ ಮಾಡಿ ಹುಡುಗ ಹುಡುಗಿಯರಿಂದ ಆಡಿಸಬೇಕೆಂಬುದು ನನ್ನ ವಿನಂತಿ. ಹೌಸಾತಾಯಿಯವರ ಮಾತು ಮರಾಠಿ, ನಮ್ಮದು ಕನ್ನಡ ಎಂಬ ಭೇದ ಇಲ್ಲಿ ಸಲ್ಲದು. ಹನ್ನೆರಡನೆಯ ಶತಮಾನದ ಶರಣೆ ದಾನಮ್ಮನ ಗುಡಿಗೆ, ನಮ್ಮ ಗುಡ್ಡಾಪುರಕ್ಕೆ, ಎರಡೂ ಭಾಷೆಗಳ ತಾಯಂದಿರು ನಡೆದುಬರುವ ನೆಲವಿದು. ಹೆಣ್ಣಿನ ಹಿರಿಮೆಯನ್ನು ದೈವವೆಂದು ಪೂಜಿಸುವುದನ್ನು ಬಲ್ಲ ಈ ನಾಡು, ಅದನ್ನು ನೆರೆಮನೆಯ ಹೆಂಗಸಿನಲ್ಲಿ ಕಾಣುವುದನ್ನೂ ಕಲಿಯಬೇಕು.

2021ರಲ್ಲಿ ಹೌಸಾತಾಯಿಯವರು ತೊಂಬತ್ತೈದು ವರ್ಷಗಳ ತುಂಬುಬಾಳನ್ನು ಮುಗಿಸಿದರು. ಅವರ ಆಟವನ್ನು ನೋಡುವ ಮಕ್ಕಳಲ್ಲಿ ಯಾವನೋ ಒಬ್ಬನು ಎದ್ದುನಿಂತು, ಯಾವ ಗಂಡನಾದರೂ ಹೆಂಡತಿಯನ್ನು ಹೀಗೆ ಹೊಡೆಯುವುದುಂಟೇ ಎಂದು ನಿಜವಾದ ಅಚ್ಚರಿಯಿಂದ ಕೇಳುವ ದಿನ ಬಂದರೆ, ಅವರು ಆರಂಭಿಸಿದ ಕ್ರಾಂತಿ ಅಂದು ಪೂರ್ಣವಾಯಿತೆಂದು ನಾನು ತಿಳಿಯುವೆನು.